ಹದಿನಾಲ್ಕನೇ ನಂಬರಿನ ಹಗ್ಗ: ಏಳನೆಯ ಕಂತು

ಗೋಣಿಚೀಲವನ್ನು ಬುಡಮೇಲು ಮಾಡಿ ಉಗ್ರಾಣದ ನೆಲಕ್ಕೆ ಸುರಿದೆ. ಮೊಳದುದ್ದದ ಹಗ್ಗದ ತುಂಡುಗಳು ದಬದಬನೆ ಬಿದ್ದು ನಾಲ್ಕೂ ಕಡೆ ಹರಡಿಕೊಂಡವು.

"ನೋಡ್ಕೊಳ್ಳಿ, ಕಣ್ತುಂಬ ನೋಡ್ಕೊಳ್ಳಿ," ಎಂದ ಸೂಪರ್‌ವೈಸರ್, ಬಾಗಿಲಿಗೆ ಒರಗಿಕೊಂಡು. "ಹದಿನಾಲ್ಕನೇ ನಂಬರು ಹಗ್ಗ ಇದೇ. ನಾನೇ ಎದುರಿಗೆ ನಿಂತು ತುಂಡು ಮಾಡಿಸಿದ್ದು. ನಿಯಮ ಅಂದ್ರೆ ನಿಯಮ."

ಅವನ ಬಾಯಲ್ಲಿ ನಿಯಮ ಎಂಬ ಮಾತು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ಐದು ದಿನದ ಹಿಂದೆ ಇದೇ ಗೊಬ್ಬರದ ಕಾರ್ಖಾನೆಯ ಗೋಪುರಕ್ಕೆ ಹಗ್ಗದಲ್ಲಿ ತೂಗಿಕೊಂಡು ಬಣ್ಣ ಬಳಿಯುತ್ತಿದ್ದ, ಶಿಳ್ಳೆ ಎಂಬ ಅಡ್ಡಹೆಸರಿನ ಕೆಲಸಗಾರ ನಲವತ್ತು ಮೀಟರ್ ಎತ್ತರದಿಂದ ಬಿದ್ದು ಸತ್ತಿದ್ದ. ಜೊತೆಗೆ ಕೆಲಸ ಮಾಡುತ್ತಿದ್ದ ಅವನ ಹೆಂಡತಿಯ ತಮ್ಮ "ಹಗ್ಗ ಕತ್ತರಿಸಿದ್ದು ನಾನೇ" ಎಂದಷ್ಟೇ ಹೇಳಿ ಬಾಯಿಗೆ ಬೀಗ ಹಾಕಿಕೊಂಡಿದ್ದ. ಸಂಜೆ ಐದಕ್ಕೆ ಅವನನ್ನು ಕೊಲೆಗಾರನೆಂದು ನ್ಯಾಯಾಧೀಶರ ಮುಂದೆ ನಿಲ್ಲಿಸುವವರಿದ್ದರು. ಗಂಟೆ ಆಗಲೇ ಎರಡೂವರೆಯಾಗಿತ್ತು.

ಎಲ್ಲರೂ ಅವನನ್ನು ಭಾಮೈದ ಎಂದೇ ಕರೆಯುತ್ತಿದ್ದರು. ಮೂವತ್ತು ದಾಟಿದ ಗಂಡಸು. ಆದರೂ ಭಾವನ ನೆರಳಿನಲ್ಲೇ ಕೆಲಸ ಮಾಡಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಈಗ ಉಗ್ರಾಣದ ಹೊರಗೆ ಬೆಂಚಿನ ಮೇಲೆ, ಕಾನ್‌ಸ್ಟೇಬಲ್ ಪಕ್ಕದಲ್ಲಿ, ತನ್ನ ಬೂಟುಗಳನ್ನೇ ನೋಡುತ್ತ ಕೂತಿದ್ದ. ಅವನ ಅಕ್ಕ ಬೆಳಿಗ್ಗೆಯಿಂದ ಗೇಟಿನ ಹತ್ತಿರ ನಿಂತಿದ್ದಳು. ಗಂಡ ಹೋದ, ಇನ್ನು ಎರಡೂವರೆ ಗಂಟೆಯಲ್ಲಿ ತಮ್ಮನೂ ಹೋಗುತ್ತಾನೆ.

ಇನ್ಸ್‌ಪೆಕ್ಟರ್ ಬಣ್ಣದ ಡ್ರಮ್ಮಿನ ಮೇಲೆ ಕೂತು ಬೆವರೊರೆಸಿಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ಎತ್ತರ ಎಂದರೆ ಆಗದು. ಬಂದಾಗಿನಿಂದ ಒಂದು ಸಲವೂ ತಲೆಯೆತ್ತಿ ಗೋಪುರವನ್ನು ನೋಡಿರಲಿಲ್ಲ.

"ಮೇಡಂ, ಬೇಗ ಮುಗಿಸಿ," ಎಂದರು. "ಹಳೇ ಹಗ್ಗದ ಚೂರು ನೋಡಿ ಏನು ಮಾಡ್ತೀರಿ? ಕತ್ತರಿಸಿದೆ ಅಂತ ಅವನೇ ಒಪ್ಕೊಂಡಿದಾನೆ."

"ಏನು ಕತ್ತರಿಸಿದ, ಯಾಕೆ ಕತ್ತರಿಸಿದ ಅಂತ ನೀವು ಕೇಳಿಲ್ಲ. ನಾನು ಕೇಳ್ತೀನಿ," ಎಂದೆ.

ಹಗ್ಗದಲ್ಲಿ ತೂಗಿ ಮಾಡುವ ಈ ಕಸುಬನ್ನು ನಾನು ಹದಿನೆಂಟು ವರ್ಷ ಮಾಡಿದವಳು, ಆಮೇಲೆ ಹತ್ತು ವರ್ಷ ಕಲಿಸಿದವಳು. ಹಗ್ಗದ ಗಂಟಿಗೂ ನನ್ನ ಮುಖದ ಗಂಟಿಗೂ ಸೇರಿಸಿ ಶಿಷ್ಯರು ಗಂಟಕ್ಕ ಎಂದು ಹೆಸರಿಟ್ಟರು. ಮಂಡಿ ಕೈಕೊಟ್ಟ ಮೇಲೆ ಅಪಘಾತವಾದ ಕಡೆ ಹೋಗಿ ಹಗ್ಗ, ಕೊಕ್ಕೆ, ಬೆಲ್ಟು ಪರೀಕ್ಷೆ ಮಾಡುವುದು ನನ್ನ ಕೆಲಸ. ಶಿಳ್ಳೆಯೂ ನನ್ನ ಶಿಷ್ಯ, ಭಾಮೈದನೂ ನನ್ನ ಶಿಷ್ಯ.

ನೆಲದ ಮೇಲಿದ್ದ ಒಂದು ತುಂಡನ್ನು ಎತ್ತಿಕೊಂಡೆ. ಕೆಟ್ಟ ಹಗ್ಗವನ್ನು ಹೀಗೆ ಚೂರು ಚೂರು ಮಾಡುವುದು ನಮ್ಮಲ್ಲಿ ಕಡ್ಡಾಯ. ಸುಮ್ಮನೆ ಮೂಲೆಗೆ ಎಸೆದರೆ ನಾಳೆ ಯಾರೋ ಅವಸರದಲ್ಲಿ ಎತ್ತಿಕೊಂಡು ಅದಕ್ಕೇ ಜೀವ ಕಟ್ಟಿಕೊಳ್ಳುತ್ತಾರೆ. ಹದಿನಾಲ್ಕನೇ ನಂಬರಿನ ಹಗ್ಗ ಆಸಿಡ್ ಚೆಲ್ಲಿದ ನೆಲದಲ್ಲಿ ಒಂದು ದಿನ ಬಿದ್ದಿತ್ತು. "ಇದು ಬೇಡ, ಕತ್ತರಿಸಿ" ಎಂದು ದಾಖಲೆ ಪುಸ್ತಕದಲ್ಲಿ ಬರೆದವನು ಶಿಳ್ಳೆಯೇ. ಕೆಳಗೆ ಸೂಪರ್‌ವೈಸರನ ಕೈಬರಹ: "ಕತ್ತರಿಸಲಾಗಿದೆ."

"ಎಷ್ಟು ಉದ್ದ ಇತ್ತು ಹಗ್ಗ?"

"ಅರವತ್ತು ಮೀಟರು. ಬೇಕಾದ್ರೆ ಕೂಡಿಸಿ ನೋಡಿ. ಒಂದು ಗೇಣೂ ಕಮ್ಮಿ ಇರಲ್ಲ."

"ಕೂಡಿಸೋದಿಲ್ಲ. ಬಿಚ್ತೀನಿ."

ಬ್ಲೇಡಿನಿಂದ ತುಂಡಿನ ಹೊರಗವಸನ್ನು ಸೀಳಿದೆ. ಒಳಗೆ ಬಿಳಿಯ ಎಳೆಗಳು. ಅವುಗಳ ನಡುವೆ ಉಗುರಿನಿಂದ ಕೆದಕಿ, ನೂಲಿನಷ್ಟು ಸಣ್ಣದೊಂದು ಪಟ್ಟಿಯನ್ನು ಹೊರಗೆಳೆದೆ. ಹಗ್ಗ ಹೆಣೆಯುವವರು ಅದರ ಹೊಟ್ಟೆಯೊಳಗೆ ಈ ಪಟ್ಟಿಯನ್ನು ಉದ್ದಕ್ಕೂ ಸೇರಿಸಿರುತ್ತಾರೆ. ಅದರ ಮೇಲೆ ತಯಾರಾದ ವರ್ಷ ಮತ್ತೆ ಮತ್ತೆ ಅಚ್ಚಾಗಿರುತ್ತದೆ. ಹೊರಗೆ ಅಂಟಿಸಿದ ನಂಬರಿನ ಚೀಟಿಯನ್ನು ಯಾರು ಬೇಕಾದರೂ ಕೀಳಬಹುದು. ಇದನ್ನು ಕೀಳಲು ಆಗುವುದಿಲ್ಲ.

ಕನ್ನಡಕ ಏರಿಸಿಕೊಂಡು ಓದಿದೆ. ಇನ್ನೊಂದು ತುಂಡು ಸೀಳಿದೆ. ಮತ್ತೊಂದು ಸೀಳಿದೆ.

"ಹದಿನಾಲ್ಕನೇ ನಂಬರನ್ನ ಯಾವಾಗ ಕೊಂಡಿದ್ದು?"

ಸೂಪರ್‌ವೈಸರ್ ಗೋಡೆ ನೋಡಿದ. "ಪುಸ್ತಕದಲ್ಲಿದೆ."

"ಮೂರು ವರ್ಷದ ಹಿಂದೆ ಅಂತ ಇದೆ. ಇದು ಒಂಬತ್ತು ವರ್ಷ ಹಳೇದು. ಮೂರೂ ತುಂಡು ಒಂಬತ್ತು ವರ್ಷ ಹಳೇವು."

ಇನ್ಸ್‌ಪೆಕ್ಟರ್ ಡ್ರಮ್ಮಿನಿಂದ ಎದ್ದರು.

"ಸಾರ್, ನಿಮ್ಮ ಹತ್ರ ಇರೋ ಮುಖ್ಯ ಹಗ್ಗದ ತುದಿ ಕೊಡಿ. ಹರಿದದ್ದು."

ಅವರು ಪ್ಲಾಸ್ಟಿಕ್ ಚೀಲ ಬಿಚ್ಚಿ ಕೊಟ್ಟರು. ಮೇಲೆ ಹೋಗುವ ಒಬ್ಬೊಬ್ಬರಿಗೂ ಎರಡು ಹಗ್ಗ, ಶಿಳ್ಳೆ ಆವತ್ತು ತೂಗಿಕೊಂಡಿದ್ದು ಈ ಮೊದಲನೆಯದಕ್ಕೆ. ಗೋಪುರದ ಅಂಚಿಗೆ ತಿಕ್ಕಿ ಹರಿಯಿತು, ಅಂಚಿಗೆ ಮೆತ್ತೆ ಹಾಕದ್ದು ಶಿಳ್ಳೆಯದೇ ತಪ್ಪು ಎಂಬುದು ಕಂಪನಿಯ ಕಥೆ. ಗೇಟಿನ ಪಕ್ಕದ ಫಲಕದಲ್ಲಿ ಅಷ್ಟಗಲ ಅಕ್ಷರದಲ್ಲಿ ಅಂಟಿಸಿಯೂ ಇದ್ದರು: "ಕಾರ್ಮಿಕನ ಅಜಾಗರೂಕತೆಯಿಂದ ಅವಘಡ." ಬೆಳಿಗ್ಗೆಯಿಂದ ಶಿಳ್ಳೆಯ ಹೆಂಡತಿ ನಿಂತಿದ್ದು ಅದೇ ಫಲಕದ ಕೆಳಗೆ. ಅದನ್ನು ಬರೆದವನ ಕೈ ಸಿಕ್ಕಿದ್ದರೆ ಆವತ್ತು ನಾನು ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ.

ಹರಿದ ತುದಿಯ ಎಳೆಗಳನ್ನು ಬೆರಳಲ್ಲಿ ಹೊಸೆದೆ. ಪುಡಿಪುಡಿಯಾಗಿ ಅಂಗೈಗೆ ಉದುರಿದವು. ತಿಕ್ಕಿ ಹರಿದ ಹಗ್ಗ ಜುಂಗು ಜುಂಗಾಗುತ್ತದೆ, ಆಸಿಡ್ ತಿಂದದ್ದು ಮಾತ್ರ ಹೀಗೆ ಪುಡಿಯಾಗುತ್ತದೆ. ಒಳಗಿನ ಪಟ್ಟಿ ಎಳೆದು ಇನ್ಸ್‌ಪೆಕ್ಟರ ಕೈಗೆ ಕೊಟ್ಟೆ.

"ನೀವೇ ಓದಿ ಸಾರ್."

ಅವರು ಬೆಳಕಿಗೆ ಹಿಡಿದು ಓದಿದರು. "ಮೂರು ವರ್ಷದ ಹಿಂದಿನದು."

"ಹದಿನಾಲ್ಕನೇ ನಂಬರು ಸತ್ತಿರಲಿಲ್ಲ. ನಂಬರಿನ ಚೀಟಿ ಕಿತ್ತು, ಅದನ್ನೇ ಶಿಳ್ಳೆ ಕೈಗೆ ಕೊಟ್ಟು ಕಳಿಸಿದಾರೆ. ಅವನು ಬೇಡ ಅಂತ ಬರೆದಿಟ್ಟ ಹಗ್ಗಾನೇ."

"ಎಲ್ಲೋ ಅದಲು ಬದಲಾಗಿರಬೇಕು," ಎಂದ ಸೂಪರ್‌ವೈಸರ್. ಬಾಗಿಲಿಗೆ ಒರಗಿದ್ದವನು ನೆಟ್ಟಗೆ ನಿಂತಿದ್ದ. "ಇಷ್ಟೊಂದು ಹಗ್ಗ ಇರೋ ಕಡೆ ಸಾವಿರ ಆಗುತ್ತೆ. ಎರಡೂ ಬಿಳೀನೇ. ಹುಡುಗರು ಗಡಿಬಿಡಿ ಮಾಡ್ಕೊಂಡಿರಬೇಕು."

"ಸರಿ, ಗಡಿಬಿಡಿ ಅಂತಾನೇ ಇಟ್ಕೊಳ್ಳೋಣ. ಹಾಗಾದ್ರೆ ಒಂಬತ್ತು ವರ್ಷ ಹಳೇದಾದ ಅರವತ್ತು ಮೀಟರು ಹಗ್ಗ ಎಲ್ಲಿಂದ ಬಂತು? ನಿಮ್ಮ ಪುಸ್ತಕದಲ್ಲಿ ಅಂಥದ್ದು ಒಂದೇ ಒಂದು ಇದೆ."

ಅವನ ಕಣ್ಣು ಒಂದು ಕ್ಷಣ ಮೇಲಿನ ಕಪಾಟಿಗೆ ಹೋಗಿ ಬಂತು. ನನಗೆ ಅಷ್ಟು ಸಾಕಾಗಿತ್ತು.

ಅಲ್ಲಿ ಕೆಂಪು ಚೀಲ ಇತ್ತು. ಹಗ್ಗದ ಕೆಲಸ ನಡೆಯುವ ಎಲ್ಲ ಕಡೆಯೂ ಒಂದು ಕೆಂಪು ಚೀಲ ಇರಲೇಬೇಕು. ಮೇಲೆ ಸಿಕ್ಕಿಕೊಂಡವನನ್ನು ಕೆಲವೇ ನಿಮಿಷದಲ್ಲಿ ಕೆಳಗಿಳಿಸಲು ಬೇಕಾದ ಉದ್ದ ಹಗ್ಗ, ರಾಟೆ, ಕೊಕ್ಕೆ ಎಲ್ಲ ಅದರಲ್ಲಿ. ಆ ಚೀಲ ಮೇಲೇರುವ ತನಕ ಮನುಷ್ಯ ಹಗ್ಗಕ್ಕೆ ಕಾಲಿಡಬಾರದು. ನಾನು ಕಲಿಸಿದ ಮೊದಲ ಪಾಠ ಅದು.

"ಅದನ್ನ ಇಳಿಸಿ," ಎಂದೆ.

"ಅದು ರಕ್ಷಣಾ ಚೀಲ ಮೇಡಂ," ಎಂದ ಸೂಪರ್‌ವೈಸರ್ ಇನ್ಸ್‌ಪೆಕ್ಟರ ಕಡೆ ತಿರುಗಿ. "ನೋಡಿ ಸಾರ್, ಸೀಲು ಕೂಡ ಒಡೆದಿಲ್ಲ. ಅಷ್ಟು ಜೋಪಾನ ಮಾಡಿ ಇಟ್ಟಿದೀವಿ. ಹೋದ ವಾರ ತಪಾಸಣೆಗೆ ಬಂದವರೂ ಮೆಚ್ಕೊಂಡ್ರು."

"ಅಪಘಾತ ಆದ ದಿನಾನೂ ಒಡೆದಿಲ್ವಾ?" ಎಂದೆ.

ಇನ್ಸ್‌ಪೆಕ್ಟರ್ ಅವನ ಮುಖ ನೋಡಿದರು. ಅವನು ಹಣೆ ಒರೆಸಿಕೊಂಡ.

ಮಂಡಿ ನೋವನ್ನು ಹಲ್ಲು ಕಚ್ಚಿ ತಡೆದುಕೊಂಡು ಸ್ಟೂಲ್ ಹತ್ತಿ ನಾನೇ ಚೀಲ ಇಳಿಸಿದೆ. ಉಬ್ಬಿಕೊಂಡು ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಭಾರ ಇರಲಿಲ್ಲ. ಸೀಲು ಒಡೆದು ಬಾಯಿ ಬಿಚ್ಚಿದೆ. ಮೇಲೆ ರಾಟೆ, ಎರಡು ಕೊಕ್ಕೆ. ಅದರ ಕೆಳಗೆ ಬಣ್ಣ ಒರೆಸಿದ ಹಳೆಯ ಬಟ್ಟೆಗಳು. ಒಂದಾದ ಮೇಲೊಂದು ಹೊರಗೆಳೆದೆ. ಹರಿದ ಬನಿಯನ್, ಪರದೆಯ ತುಂಡು, ಒಂದು ಮಗುವಿನ ಅಂಗಿ. ಹಗ್ಗ ಇರಲಿಲ್ಲ.

ಚೀಲದ ಪಕ್ಕೆಯಲ್ಲಿ ಹಗ್ಗದ ವಿವರದ ಚೀಟಿ ಇತ್ತು. ಉದ್ದ ಅರವತ್ತು ಮೀಟರು. ತಯಾರಾದ ವರ್ಷ, ಒಂಬತ್ತು ವರ್ಷದ ಹಿಂದಿನದು.

ಕೆಲವು ಸಿಟ್ಟು ಕೂಗಿದರೆ ಹೋಗುತ್ತದೆ. ಇದು ಹೋಗುವ ಸಿಟ್ಟಾಗಿರಲಿಲ್ಲ.

"ಕೊಲ್ಲೋ ಹಗ್ಗ ಬಿಸಾಕಿದೀನಿ ಅಂತ ತೋರಿಸೋಕೆ, ಉಳಿಸೋ ಹಗ್ಗ ಕತ್ತರಿಸಿದೆಯಲ್ಲೋ!" ಎಂದೆ. ಏಕವಚನ ತಾನಾಗಿಯೇ ಬಂತು. "ನಿನ್ ಕೈಗೆ ಹೆಂಗೆ ಬಂತೋ ಅದು?"

"ಶಿಳ್ಳೆ ಬೇಡ ಅಂತ ಬರೆದ ಮಾರನೇ ದಿನ ತಪಾಸಣೆ ಇತ್ತು," ಎಂದ ಸೂಪರ್‌ವೈಸರ್. ಅವನ ದನಿ ಅರ್ಧಕ್ಕೆ ಇಳಿದಿತ್ತು. "ಕತ್ತರಿಸಿದ ಚೂರು ತೋರಿಸಿ ಅಂತ ಕೇಳ್ತಾರೆ. ಹದಿನಾಲ್ಕನೇದು ಕತ್ತರಿಸಿದ್ರೆ ಒಂದು ಜೋಡಿ ಕಮ್ಮಿ ಆಗುತ್ತೆ, ಇಬ್ರನ್ನ ಸುಮ್ನೆ ಕೂರಿಸಬೇಕು. ಹೊಸ ಹಗ್ಗ ಮುಂದಿನ ವಾರ ಬರೋದಿತ್ತು. ಒಂದೇ ವಾರ ಮೇಡಂ. ಚೀಲಕ್ಕೆ ಬಟ್ಟೆ ತುಂಬಿ ಹೊಸ ಸೀಲು ಹಾಕಿಟ್ಟೆ. ಕೆಂಪು ಚೀಲದ ಹಗ್ಗಕ್ಕೆ ಹೆಂಗೂ ವಯಸ್ಸಾಗಿತ್ತು, ಇನ್ನೊಂದು ವರ್ಷಕ್ಕೆ ಅದನ್ನೂ ಬಿಸಾಕಬೇಕಿತ್ತು. ಒಂಬತ್ತು ವರ್ಷದಲ್ಲಿ ಒಂದು ಸಲ ಆದ್ರೂ ಬೇಕಾಗಿಲ್ಲ ಅದು."

"ಬೇಕಾದಾಗ ಇರಲಿ ಅಂತಾನೇ ಅದನ್ನ ಇಡೋದು!"

"ಹದಿನಾಲ್ಕನೇದನ್ನ ತೊಳೆದು ಒಣಗಿಸಿದ್ದೆ ಮೇಡಂ. ಕಣ್ಣಿಗೆ ಏನೂ ಕಾಣ್ತಿರಲಿಲ್ಲ."

ಅದು ನಿಜವಿರಬೇಕು. ಆಸಿಡ್ ತಿಂದ ಹಗ್ಗ ಹೊರಗೆ ಬೆಳ್ಳಗೇ ಇರುತ್ತದೆ. ಅದಕ್ಕೇ ನಾವು ನೋಡಿ ತೀರ್ಮಾನಿಸುವುದಿಲ್ಲ, ಸೋಕಿದರೆ ಸಾಕು, ಕತ್ತರಿಸುತ್ತೇವೆ.

ಇನ್ಸ್‌ಪೆಕ್ಟರ್ ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿದರು. "ಮೇಡಂ, ಇವನನ್ನ ನಾನು ಬಿಡಲ್ಲ. ಆದ್ರೆ ನನ್ನ ತಲೆ ತಿನ್ನೋ ಪ್ರಶ್ನೆ ಬೇರೆ. ಒಬ್ಬರಿಗೆ ಎರಡು ಹಗ್ಗ ಅಂತೀರಿ. ಒಂದು ಹರೀತು, ಇವನ ತಪ್ಪು. ಎರಡನೇದನ್ನ ಚಾಕು ಹಾಕಿ ಕತ್ತರಿಸಿದ್ದು ಭಾಮೈದ. ಕೆಳಗಿಂದ ಇವನೂ ನೋಡಿದಾನೆ. ಎರಡನೇದು ಇದ್ದಿದ್ರೆ ಮನುಷ್ಯ ಬದುಕ್ತಿದ್ದ ತಾನೆ?"

"ಎರಡನೇದು ಹಿಡಿದಿತ್ತು ಸಾರ್. ಅದನ್ನೇ ತೋರಿಸ್ತೀನಿ."

ನಮ್ಮ ಎರಡನೆಯ ಹಗ್ಗಕ್ಕೆ ಕಾವಲು ಹಗ್ಗ ಎಂದು ಹೆಸರು. ಅದರ ಮೇಲೆ ಅಂಗೈಯಷ್ಟು ದೊಡ್ಡ ಕಬ್ಬಿಣದ ಹಿಡಿಕೆಯೊಂದು ನಮ್ಮ ಜೊತೆಯೇ ಜಾರುತ್ತಿರುತ್ತದೆ. ನಿಧಾನಕ್ಕೆ ಹೋದರೆ ಸುಮ್ಮನಿರುತ್ತದೆ. ಮನುಷ್ಯ ಬಿದ್ದನೆಂದರೆ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಹುಡುಗರು ಅದನ್ನು ಜಿಗಣೆ ಎನ್ನುತ್ತಾರೆ. ಕಾವಲು ಹಗ್ಗವನ್ನು ಇನ್ಸ್‌ಪೆಕ್ಟರ ಮುಂದೆ ಹರಡಿದೆ. ಕತ್ತರಿಸಿದ ತುದಿಗಿಂತ ಎರಡು ಮೊಳ ಕೆಳಗೆ, ಗೇಣುದ್ದಕ್ಕೆ ಹೊರಗವಸು ಉಜ್ಜಿ, ಕರಗಿ, ಗಾಜಿನಂತೆ ಹೊಳೆಯುತ್ತಿತ್ತು.

"ಇದು ಜಿಗಣೆ ಕಚ್ಚಿದ ಗುರುತು. ಮೊದಲ ಹಗ್ಗ ಹರಿದಾಗ ಶಿಳ್ಳೆ ನೆಲಕ್ಕೆ ಬೀಳಲಿಲ್ಲ. ಇಲ್ಲಿ ನಿಂತ. ಅವನ ತೊಡೆಗಳ ಬಗ್ಗೆ ಡಾಕ್ಟರು ಏನು ಬರೆದಿದಾರೆ?"

ಅವರು ಕಾಗದ ತಿರುವಿದರು. "ಎರಡೂ ತೊಡೇಲಿ ಬೆಲ್ಟಿನ ಅಗಲಕ್ಕೆ ರಕ್ತ ಹೆಪ್ಪುಗಟ್ಟಿದ ಗುರುತು. ಜೀವ ಇದ್ದಾಗ ಆಗಿದ್ದು, ಸಾಕಷ್ಟು ಹೊತ್ತು ಒತ್ತಿದ್ರಿಂದ ಅಂತ ಇದೆ."

"ಅವನು ಬೆಲ್ಟಲ್ಲಿ ತೂಗಾಡ್ತಿದ್ದ ಸಾರ್. ಅಲುಗಾಡದೆ ಹಾಗೆ ತೂಗಾಡಿದ್ರೆ ರಕ್ತ ಎಲ್ಲ ಕಾಲಿಗಿಳಿದು, ಬಿದ್ದು ಗಾಯ ಆಗದೇನೇ ಮನುಷ್ಯ ಸಾಯ್ತಾನೆ. ಗಂಟೆಗಟ್ಟಲೆ ಬೇಡ, ನಿಮಿಷಗಳಲ್ಲಿ. ಕೆಂಪು ಚೀಲ ಇರೋದೇ ಅದಕ್ಕೆ." ಸೂಪರ್‌ವೈಸರನ ಕಡೆ ತಿರುಗಿದೆ. "ಎಷ್ಟು ಹೊತ್ತು ತೂಗಾಡ್ತಿದ್ದ? ಕೆಳಗಿಂದ ಎಲ್ಲಾ ನೋಡಿದೀನಿ ಅಂದೆಯಲ್ಲ, ಇದನ್ನ ನೋಡ್ಲಿಲ್ವಾ?"

ಅವನು ತಲೆ ತಗ್ಗಿಸಿದ. ಉತ್ತರ ಹೊರಗಿನಿಂದ ಬಂತು.

"ಇಪ್ಪತ್ತಾರು ನಿಮಿಷ."

ಭಾಮೈದ ಬೆಂಚಿನಿಂದ ಎದ್ದು ಬಾಗಿಲಲ್ಲಿ ನಿಂತಿದ್ದ. ಐದು ದಿನದಲ್ಲಿ ಅವನ ಬಾಯಿಂದ ಬಂದ ಎರಡನೆಯ ಮಾತು ಅದು. ಕಾನ್‌ಸ್ಟೇಬಲ್ ಅವನ ತೋಳು ಹಿಡಿದ. ಇನ್ಸ್‌ಪೆಕ್ಟರ್ ಬಿಡು ಎಂದು ಕೈಸನ್ನೆ ಮಾಡಿದರು.

"ಆವತ್ತು ಬೆಳಿಗ್ಗೆನೇ ಕೇಳಿದ್ದೆ, ಕೆಂಪು ಚೀಲ ಎಲ್ಲಿ ಅಂತ," ಎಂದ. "'ಸುಮ್ನೆ ಯಾಕೆ ಮೇಲಕ್ಕೆ ಹೊರ್ತೀಯ, ಬೇಕಂದ್ರೆ ಎರಡು ನಿಮಿಷಕ್ಕೆ ಕಳಿಸ್ತೀನಿ' ಅಂದ್ರು ಇವ್ರು. ಹಗ್ಗ ಪಟ್ ಅಂತು. ಭಾವ ಜಾರಿ ಗೋಡೆಗೆ ತಲೆ ಬಡ್ಕೊಂಡ್ರು, ಜಿಗಣೆ ಹಿಡೀತು. ನಾನು ರೇಡಿಯೋದಲ್ಲಿ ಕೂಗ್ದೆ, ಚೀಲ ಕಳಿಸಿ ಅಂತ. ಬರ್ತಿದೆ ಅಂದ್ರು. ಮತ್ತೆ ಕೂಗ್ದೆ. ಬರ್ತಿದೆ, ನೀನು ಅಲ್ಲೇ ಇರು ಅಂದ್ರು. ವಾಚ್ ನೋಡ್ತಾನೇ ಇದ್ದೆ. ಭಾವನ ಕೈ ನೇತಾಡ್ತಿತ್ತು."

"ಆಮೇಲೆ?" ಎಂದರು ಇನ್ಸ್‌ಪೆಕ್ಟರ್.

"ಆಮೇಲೆ ಕಾಯ್ಲಿಲ್ಲ. ನನ್ನ ಹಗ್ಗದಲ್ಲೇ ಇಳಿದು ಅವರ ಹತ್ರ ಹೋದೆ. ಮುಖ ಎಲ್ಲ ಸುಣ್ಣದ ಹಂಗೆ. ಕಣ್ ಬಿಟ್ರು. 'ಬಂದ್ಯಾ' ಅಂದ್ರು."

ಕಾನ್‌ಸ್ಟೇಬಲ್ ಬೇರೆ ಕಡೆ ಮುಖ ತಿರುಗಿಸಿದ.

"ನನ್ನ ಬೆಲ್ಟಿನ ಪಟ್ಟಿಯ ಕೊಕ್ಕೆ ಅವರ ಬೆಲ್ಟಿಗೆ ಹಾಕ್ದೆ. ಎಳೆದು ನೋಡ್ದೆ, ಹಿಡಿದಿತ್ತು. ಅವರನ್ನ ಎತ್ತಿ ಜಿಗಣೆ ಬಿಡಿಸೋಕೆ ಆಗ್ಲಿಲ್ಲ, ರಾಟೆ ಬೇಕು ಅದಕ್ಕೆ. ಕಾವಲು ಹಗ್ಗ ಕತ್ತರಿಸಿದ್ರೆ ಭಾರ ನನ್ನ ಮೇಲೆ ಬರುತ್ತೆ, ಇಬ್ರೂ ಒಟ್ಟಿಗೆ ಇಳೀಬಹುದು ಅಂದ್ಕೊಂಡೆ. ಕತ್ತರಿಸ್ದೆ." ಅವನು ತನ್ನ ಎರಡೂ ಕೈ ನೋಡಿಕೊಂಡ. "ಕೊಕ್ಕೆ ಇತ್ತು. ಭಾವ ಇರ್ಲಿಲ್ಲ."

"ಇದನ್ನ ಯಾಕಪ್ಪಾ ಮೊದಲೇ ಹೇಳ್ಲಿಲ್ಲ ನೀನು?" ಎಂದರು ಇನ್ಸ್‌ಪೆಕ್ಟರ್. ಅವರ ದನಿಯಲ್ಲಿ ಪೊಲೀಸಿನವರ ಗತ್ತು ಇರಲಿಲ್ಲ.

"ಕತ್ತರಿಸಿದ್ದು ನಾನೇ ಅಲ್ವಾ ಸಾರ್? ಅಕ್ಕನಿಗೆ ಇನ್ನೇನಂತ ಹೇಳ್ಲಿ?"

ನಾನು ಶಿಳ್ಳೆಯ ಬೆಲ್ಟಿಗಾಗಿ ಕೈ ಚಾಚಿದೆ. ಸೊಂಟ, ತೊಡೆ, ಎದೆಯನ್ನು ಸುತ್ತುವ ದೊಡ್ಡ ಬೆಲ್ಟು. ಅದರ ಚೀಲದ ಮೇಲೆ ಪೊಲೀಸರು "ಬಿದ್ದಾಗ ಹರಿದಿದೆ" ಎಂದು ಬರೆದಿದ್ದರು. ಹೊಟ್ಟೆಯ ಮೇಲಿನ ಉಕ್ಕಿನ ಉಂಗುರ ಗಟ್ಟಿಯಾಗಿತ್ತು, ಅದಕ್ಕೆ ಒಂದು ಲಾರಿಯನ್ನೇ ತೂಗುಹಾಕಬಹುದು. ತೊಡೆಯ ಪಟ್ಟಿಗಳು ಸರಿಯಾಗಿದ್ದವು. ಹರಿದಿದ್ದುದು ಒಂದೇ ಒಂದು ಕಡೆ. ಎಡ ಪಕ್ಕೆಯಲ್ಲಿ ಕಿತ್ತಳೆ ಬಣ್ಣದ ಒಂದು ಬಟ್ಟೆಯ ಬಳೆ ಬುಡಸಮೇತ ಕಿತ್ತು ಬಂದಿತ್ತು.

ಅದು ಸುತ್ತಿಗೆ ಬಳೆ. ಸುತ್ತಿಗೆ, ಬ್ರಷ್ಷು, ಬಣ್ಣದ ಡಬ್ಬಿ ನೇತುಹಾಕಲು ಇರುವಂಥದ್ದು. ಐದು ಕೆಜಿ ತಡೆದರೆ ಹೆಚ್ಚು.

ಅಲ್ಲಿಗೇ ನಿಲ್ಲಿಸಿಬಿಡಬೇಕು ಅನ್ನಿಸಿತು. ಆದರೂ ಕೆಲಸ ಕೆಲಸವೇ. ಭಾಮೈದನ ಕೊಕ್ಕೆಯನ್ನು ಇನ್ನೊಂದು ಚೀಲದಿಂದ ತೆಗೆಸಿ, ಬಾಯಿ ತೆರೆದು ಬೆಳಕಿಗೆ ಹಿಡಿದೆ. ಒಳಗಿನ ಸಂದಿನಲ್ಲಿ ಎರಡು ಕಿತ್ತಳೆ ಎಳೆಗಳು ಸಿಕ್ಕಿಕೊಂಡಿದ್ದವು.

"ನೋಡಿ ಸಾರ್," ಎಂದೆ. "ಚಾಕು ತೆಗೆಯೋಕೆ ಮುಂಚೆ ಭಾವನನ್ನ ತನ್ನ ಮೈಗೆ ಕಟ್ಕೊಂಡಿದಾನೆ. ಕೊಲ್ಲೋನು ಯಾರಾದ್ರೂ ಹಾಗೆ ಮಾಡ್ತಾನಾ? ಬಳೆ ಹರೀದೆ ಇದ್ದು, ಇವನ ಹಗ್ಗ ಹರಿದಿದ್ರೆ ಇಬ್ಬರೂ ಹೋಗ್ತಿದ್ರು. ಇದು ಕೊಲೆ ಅಲ್ಲ."

ಇಷ್ಟರಲ್ಲಿ ಭಾಮೈದ ನನ್ನ ಕೈಯಲ್ಲಿದ್ದ ಬೆಲ್ಟನ್ನು ನೋಡಿದ. ನನ್ನ ಬೆರಳು ಎಲ್ಲಿದೆ ಎಂದು ನೋಡಿದ. ಐದು ದಿನದಿಂದ ಅವನಿಗೆ ಗೊತ್ತಿಲ್ಲದೆ ಇದ್ದದ್ದು ಆ ಕ್ಷಣದಲ್ಲಿ ಗೊತ್ತಾಯಿತು.

"ಸುತ್ತಿಗೆ ಬಳೆಗೆ ಹಾಕಿದ್ನಾ ನಾನು?" ಎಂದ. ಮತ್ತೆ ಅಂದ. ಮೂರನೆಯ ಸಲ ಅದು ಮಾತಾಗಿರಲಿಲ್ಲ, ಕೂಗಾಗಿತ್ತು. ನೆಲದ ಮೇಲೆ ಹಗ್ಗದ ತುಂಡುಗಳ ನಡುವೆ ಕುಸಿದು ಹಣೆ ಚಚ್ಚಿಕೊಳ್ಳತೊಡಗಿದ.

ಆ ಕೂಗಿಗೆ ಅವನ ಅಕ್ಕ ಗೇಟಿನಿಂದ ಓಡಿ ಬಂದಳು. ಯಾರೂ ತಡೆಯಲಿಲ್ಲ. ತಮ್ಮನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. "ಏನ್ ಮಾಡಿದ್ರಿ ಇವನಿಗೆ? ಹೊಡೆದ್ರಾ?" ಎಂದು ನಮ್ಮೆಲ್ಲರ ಮೇಲೆ ಹರಿಹಾಯ್ದಳು.

ಈ ಗಲಾಟೆಯಲ್ಲಿ ಸೂಪರ್‌ವೈಸರ್ ಪಕ್ಕದ ಕೋಣೆಗೆ ಹೋಗಿದ್ದನ್ನು ನಾನು ಗಮನಿಸಿರಲಿಲ್ಲ. ಒಂದು ಫೈಲು ಹಿಡಿದು ಬಂದ. ಮುಖದ ಮೇಲೆ ರಕ್ತ ಮರಳಿ ಬಂದಿತ್ತು.

"ಸಾರ್, ನಾನು ತಪ್ಪು ಮಾಡಿದೀನಿ, ಒಪ್ತೀನಿ. ಆದ್ರೆ ಎಲ್ಲಾ ನನ್ನ ತಲೆ ಮೇಲೆ ಗೂಬೆ ಕೂರಿಸಿದ್ರೆ ಆಗಲ್ಲ. ಮೇಡಂನ ಒಂದು ಮಾತು ಕೇಳಿ. ಸುತ್ತಿಗೆ ಬಳೆಗೆ ಮನುಷ್ಯನ್ನ ಕಟ್ಟಬಾರದು ಅಂತ ಯಾವಾಗ ಕಲಿಸ್ತಾರಂತೆ?"

ಇನ್ಸ್‌ಪೆಕ್ಟರ್ ನನ್ನತ್ತ ನೋಡಿದರು.

"ಮೊದಲನೇ ದಿನ," ಎಂದೆ. ಬಾಯಿಂದ ಹೊರಬಿದ್ದ ಮೇಲೆ ಅವನು ಎಲ್ಲಿಗೆ ಹೊರಟಿದ್ದಾನೆಂದು ಹೊಳೆಯಿತು.

"ಮೊದಲನೇ ದಿನ! ಏಳು ವರ್ಷ ಕೆಲಸ ಮಾಡಿದೋನಿಗೆ ಅದು ಗೊತ್ತಿರಲಿಲ್ವಾ? ಮೂರು ದಿನ ಮುಂಚೆ, ಕೊಕ್ಕೆ ಬಾಯಿ ಸರಿಯಾಗಿ ಮುಚ್ಚಿಲ್ಲ ಅಂತ ಶಿಳ್ಳೆ ಇವನ ಕೆನ್ನೆಗೆ ಬಾರಿಸಿದ್ದ, ಎಲ್ಲರ ಎದುರಿಗೆ. ಆ ಸಿಟ್ಟು ಇತ್ತು. ಕೆಳಗಿಂದ ನೋಡೋರಿಗೆ ರಕ್ಷಣೆ ಮಾಡ್ದ ಹಂಗೆ ಕಾಣ್ಬೇಕು, ಕೊಕ್ಕೆ ಮಾತ್ರ ನಿಲ್ಲದೇ ಇರೋ ಜಾಗಕ್ಕೆ. ತಗೊಳ್ಳಿ ಸಾರ್, ಇವನ ಸರ್ಟಿಫಿಕೇಟು. ಪ್ರಜ್ಞೆ ತಪ್ಪಿ ನೇತಾಡೋರನ್ನ ಇಳಿಸೋ ಪರೀಕ್ಷೆ, ಮೂರು ಸಲ ಮಾಡಿ ಪಾಸಾಗಿದಾನೆ ಅಂತ ಇದೆ. ಮೂರು ಸಲ ಮಾಡಿದೋನು ಮರೀತಾನಾ?"

ಇನ್ಸ್‌ಪೆಕ್ಟರ್ ಕಾಗದವನ್ನು ನಿಧಾನವಾಗಿ ಓದಿದರು. ಅವರ ಮುಖ ಮತ್ತೆ ಪೊಲೀಸಿನವರ ಮುಖವಾಯಿತು.

"ಮೇಡಂ, ಮೂರು ಸಲ ಮಾಡಿ ಕಲಿತೋನು ಇಂಥ ತಪ್ಪು ಮಾಡ್ತಾನಾ?"

ಮಾಡುವುದಿಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮನುಷ್ಯನ ತೂಕದ ಮರಳು ತುಂಬಿದ ಗೊಂಬೆಯನ್ನು ಬೆಲ್ಟು ತೊಡಿಸಿ ತೂಗುಹಾಕಿ ನಾನು ಕಲಿಸುತ್ತಿದ್ದೆ. ಜೋತು ಬಿದ್ದ ಮೈಯಲ್ಲಿ ಹೊಟ್ಟೆಯ ಉಂಗುರ ಮಡಿಕೆಯೊಳಗೆ ಹೂತುಹೋಗಿರುತ್ತದೆ. ತಡಕಾಡುವ ಕೈಗೆ ಮೊದಲು ಸಿಗುವುದು ಸುತ್ತಿಗೆ ಬಳೆ. ಬಾಯಿಪಾಠ ಎಷ್ಟೇ ಬರಲಿ, ಮೊದಲ ಸಲ ಎಲ್ಲರೂ ಅದಕ್ಕೇ ಕೊಕ್ಕೆ ಹಾಕುತ್ತಾರೆ. ಗೊಂಬೆ ಧೊಪ್ಪೆಂದು ಬೀಳುತ್ತದೆ, ಎಲ್ಲರೂ ನಗುತ್ತಾರೆ, ಬೀಳಿಸಿದವನು ಮತ್ತೆಂದೂ ಆ ತಪ್ಪು ಮಾಡುವುದಿಲ್ಲ. ಗೊಂಬೆ ಇರುವುದೇ ಆ ಮೊದಲ ತಪ್ಪಿಗಾಗಿ.

ಭಾಮೈದ ಗೊಂಬೆಯನ್ನು ಬೀಳಿಸಿರಲಿಲ್ಲ. ಅವನು ಗೊಂಬೆಯನ್ನು ಮುಟ್ಟಿಯೇ ಇರಲಿಲ್ಲ.

ಅವನ ಪರೀಕ್ಷೆಯ ದಿನ ಗಾಳಿ ಜೋರಾಗಿತ್ತು. ಹಗ್ಗ ಕಟ್ಟಲು ಆಗಲಿಲ್ಲ. ಮರುದಿನ ಬೇರೆ ತಂಡ ಬರುವುದಿತ್ತು, ಸೋಮವಾರ ಇವರ ಕೆಲಸ ಶುರುವಾಗುವುದಿತ್ತು. ಶಿಳ್ಳೆ ನನ್ನ ಟೇಬಲ್ಲಿನ ಮುಂದೆ ನಿಂತು, "ಗಂಟಕ್ಕಾ, ಸಹಿ ಹಾಕಿ ಬಿಡಿ. ನನ್ ಹೆಂಡ್ತಿ ತಮ್ಮ, ನಾನೇ ಕಲಿಸ್ಕೋತೀನಿ, ಎಲ್ಲಿ ಓಡಿಹೋಗ್ತಾನೆ?" ಎಂದು ನಕ್ಕಿದ್ದ. ನಾನೂ ನಕ್ಕಿದ್ದೆ. ಮೂರು ಸಲ, ಪಾಸು, ದಿನಾಂಕ, ಸಹಿ. ಬೆಳಿಗ್ಗೆಯಿಂದ ಈ ಉಗ್ರಾಣದಲ್ಲಿ ನಿಂತು 'ಕತ್ತರಿಸಲಾಗಿದೆ' ಎಂದು ಸುಳ್ಳು ಬರೆದವನ ಮೇಲೆ ಹಲ್ಲು ಕಡಿಯುತ್ತಿದ್ದ ನಾನೇ ಈ ಸರ್ಟಿಫಿಕೇಟಿನ ಸುಳ್ಳನ್ನು ಬರೆದವಳು. ಆ ಸಿಟ್ಟೆಲ್ಲ ಈಗ ನನ್ನ ಮೇಲೇ ತಿರುಗಿತು.

"ಈ ಸಹಿ ನಿಮ್ಮದೇ ಅಲ್ವಾ ಮೇಡಂ?" ಎಂದರು ಇನ್ಸ್‌ಪೆಕ್ಟರ್.

ಹೌದು ಎಂದು ತಲೆಯಾಡಿಸಿದೆ. ಸಹಿ ನನ್ನದು. ಕಾಗದ ನಿಜವಾದರೆ ಭಾಮೈದ ಕೊಲೆಗಾರ. ಕಾಗದ ಸುಳ್ಳಾದರೆ ನಾನು ಸೂಪರ್‌ವೈಸರನ ಪಕ್ಕ ಹೋಗಿ ನಿಲ್ಲಬೇಕು, ನಾನು ಸಹಿ ಹಾಕಿದ ಪ್ರತಿಯೊಂದು ಕಾಗದವನ್ನೂ ಜನ ಬೆಳಕಿಗೆ ಹಿಡಿದು ನೋಡುತ್ತಾರೆ.

ಸೂಪರ್‌ವೈಸರ್ ಮತ್ತೆ ಬಾಗಿಲಿಗೆ ಒರಗಿದ.

ಶಿಳ್ಳೆಯ ಹೆಂಡತಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಅರ್ಧ ಮಾತು ಅವಳಿಗೆ ತಿಳಿದಿತ್ತು, ಅರ್ಧ ತಿಳಿದಿರಲಿಲ್ಲ. ತಮ್ಮನನ್ನು ಬಿಟ್ಟು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು.

"ಗಂಟಕ್ಕಾ, ನೀವು ಹೇಳಿ ಇವರಿಗೆ," ಎಂದಳು. "ಅವನಿಗೆ ನೀವೇ ಅಲ್ವಾ ಕಲಿಸಿದ್ದು? ನಾನೇ ಕಲಿಸಿದೀನಿ, ಚೆನ್ನಾಗಿ ಕಲಿಸಿದೀನಿ, ಅವನಿಗೆ ಎಲ್ಲಾ ಗೊತ್ತಿತ್ತು ಅಂತ ಹೇಳಿ. ನಿಮ್ ಮಾತು ಇವರು ನಂಬ್ತಾರೆ. ನಿಮ್ಮನ್ನ ಬಿಟ್ರೆ ಅವನ ಪರ ಹೇಳೋರು ಯಾರಿದಾರೆ ಅಕ್ಕಾ?"

ಇನ್ಸ್‌ಪೆಕ್ಟರ್ ಹೊಸ ಹಾಳೆ ತಿರುವಿ ಪೆನ್ನಿನ ಮುಚ್ಚಳ ತೆಗೆದರು.

"ಹೇಳಿ ಮೇಡಂ. ನೀವು ಹೇಳಿದ್ದನ್ನೇ ಬರ್ಕೋತೀನಿ."